ಸಿಕ್ಕ ಮಗು ಯಾರದು?

ಉರ್ದು ಪತ್ರಿಕೆಗಳ ಒಳಪುಟದಲ್ಲಿ 'ತಲಾಶ್-ಎ-ಗುಮ್‌ಶುದಾ' ಎಂಬ ತಲೆಬರಹದ ಚಿಕ್ಕ ಜಾಹೀರಾತುಗಳನ್ನು ಓದುತ್ತ ಬೆಳೆದವರು ನಾವು. ಕಳೆದುಹೋದವರ ಹುಡುಕಾಟ ಎಂದು ಅದರ ಅರ್ಥ. ಕನ್ನಡ ಪತ್ರಿಕೆಗಳಲ್ಲಿ ಅದೇ 'ಕಾಣೆಯಾಗಿದ್ದಾರೆ' ಎಂದು ಬರುತ್ತದೆ. ವಯಸ್ಸು, ಮೈಬಣ್ಣ, ತೊಟ್ಟಿದ್ದ ಬಟ್ಟೆ, ಆಡುವ ಭಾಷೆ, ಕೊನೆಯಲ್ಲಿ ಮೈಮೇಲಿನ ಒಂದು ಗುರುತು. ಎಡಗೆನ್ನೆಯಲ್ಲಿ ಮಚ್ಚೆ, ಬಲಗಾಲಿನಲ್ಲಿ ಸುಟ್ಟ ಕಲೆ. ಇಂತಹದೇ ಗುರುತುಗಳನ್ನು ನಂಬಿ, ಕಳೆದುಹೋದ ಮಗು ಸಿಕ್ಕಿತೆಂದು ಊರಿಗೆ ಊರೇ ಹಬ್ಬ ಮಾಡಿ, 91 ವರ್ಷಗಳ ನಂತರ ಅದು ಆ ಮಗುವೇ ಅಲ್ಲವೆಂದು ತಿಳಿದ ಪ್ರಕರಣವೊಂದು ಅಮೆರಿಕದಲ್ಲಿ ನಡೆದಿದೆ. ಕಳೆದುಹೋದ ಆ ಹುಡುಗನಿಗೆ ಏನಾಯಿತೆಂಬುದು ಇಂದಿಗೂ ಬಗೆಹರಿದಿಲ್ಲ.

ಲೂಯಿಸಿಯಾನಾ ರಾಜ್ಯದ ಅಪಲೂಸಸ್ ಎಂಬ ಪಟ್ಟಣದಲ್ಲಿ ಪರ್ಸಿ ಡನ್‌ಬಾರ್ ಮತ್ತು ಲೆಸ್ಸಿ ಡನ್‌ಬಾರ್ ಎಂಬ ಅನುಕೂಲಸ್ಥ ದಂಪತಿಗಳಿದ್ದರು. 1912ರ ಆಗಸ್ಟ್‌ನಲ್ಲಿ ಅವರು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹತ್ತಿರದ ಸ್ವೇಜ಼್ ಕೆರೆಗೆ ಮೀನು ಹಿಡಿಯಲು ಹೋದರು. ಅದು ಕೆರೆ ಎನ್ನುವುದಕ್ಕಿಂತ ಜೌಗು ಎನ್ನಬೇಕು. ಮರಗಳು ನೀರಿನೊಳಗೇ ಬೆಳೆದ, ಮೊಸಳೆಗಳಿರುವ ಜಾಗ. 23ನೇ ತಾರೀಖು ಹಿರಿಯ ಮಗ, ನಾಲ್ಕು ವರ್ಷದ ಬಾಬಿ ಕಣ್ಮರೆಯಾದ. ನೂರಾರು ಜನ ಹುಡುಕಿದರು. ಹೆಣವಾದರೂ ಮೇಲೆ ಬರಲಿ ಎಂದು ನೀರಿಗೆ ಸಿಡಿಮದ್ದು ಹಾಕಿದರು. ಮೊಸಳೆಗಳನ್ನು ಹಿಡಿದು ಹೊಟ್ಟೆ ಸೀಳಿ ನೋಡಿದರು. ಏನೂ ಸಿಗಲಿಲ್ಲ. ರೈಲುಹಳಿಯ ಕಡೆಗೆ ಹೋದ ಪುಟ್ಟ ಬರಿಗಾಲಿನ ಹೆಜ್ಜೆಗುರುತುಗಳನ್ನು ಕಂಡೆವೆಂದು ಕೆಲವರು ಹೇಳಿದರು. ನೀರಿನಲ್ಲಿ ಹೆಣ ಸಿಗದ ಮೇಲೆ ಆ ಹೆಜ್ಜೆಗಳೇ ತಂದೆತಾಯಿಗೆ ಆಸರೆಯಾದವು. ಮಗು ಮುಳುಗಿಲ್ಲ, ಯಾರೋ ಕದ್ದೊಯ್ದಿದ್ದಾರೆ ಎಂಬ ನಂಬಿಕೆ ಗಟ್ಟಿಯಾಯಿತು. ಪರ್ಸಿ ಮಗನ ಚಹರೆಯನ್ನು ಅಂಚೆ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಟೆಕ್ಸಾಸ್‌ನಿಂದ ಫ್ಲೋರಿಡಾವರೆಗಿನ ಅಧಿಕಾರಿಗಳಿಗೆ ಕಳಿಸಿದ. ದುಂಡಗಿನ ನೀಲಿ ಕಣ್ಣು, ತಿಳಿಬಣ್ಣದ ಕೂದಲು, ಎಡಗಾಲಿನ ಹೆಬ್ಬೆರಳಿನಲ್ಲಿ ಕೂಸಾಗಿದ್ದಾಗ ಸುಟ್ಟ ಕಲೆ. ಊರವರೂ ಸೇರಿ ದೊಡ್ಡ ಮೊತ್ತದ ಬಹುಮಾನ ಸಾರಿದರು.

ಎಂಟು ತಿಂಗಳ ನಂತರ, 1913ರ ಏಪ್ರಿಲ್‌ನಲ್ಲಿ, ಪಕ್ಕದ ಮಿಸಿಸಿಪಿ ರಾಜ್ಯದಿಂದ ಸುದ್ದಿ ಬಂತು. ವಿಲಿಯಂ ಕ್ಯಾಂಟ್ವೆಲ್ ವಾಲ್ಟರ್ಸ್ ಎಂಬ ಅಲೆಮಾರಿಯ ಜೊತೆ ಅದೇ ಪ್ರಾಯದ ಹುಡುಗನೊಬ್ಬನಿದ್ದಾನೆ, ಕಾಲಿನಲ್ಲಿ ಕಲೆಯೂ ಇದೆ ಎಂದು. ಊರೂರು ತಿರುಗಿ ಪಿಯಾನೋ, ಆರ್ಗನ್ ರಿಪೇರಿ ಮಾಡುವುದು ವಾಲ್ಟರ್ಸನ ಕಸುಬು. ಪೊಲೀಸರು ಹಿಡಿದಾಗ ಅವನು ಹೇಳಿದ್ದು ಇಷ್ಟು: ಈ ಹುಡುಗ ಚಾರ್ಲ್ಸ್ ಬ್ರೂಸ್ ಆಂಡರ್ಸನ್. ನಾರ್ತ್ ಕ್ಯಾರೋಲಿನಾದಲ್ಲಿ ನಮ್ಮ ಮನೆಯಲ್ಲಿ ಕೆಲಸಕ್ಕಿರುವ ಜೂಲಿಯಾಳ ಮಗ. ಅವಳೇ ನನ್ನ ಜೊತೆ ಕಳಿಸಿದ್ದಾಳೆ.

ಡನ್‌ಬಾರ್ ದಂಪತಿಗಳು ಓಡಿಬಂದರು. ತಾಯಿಮಗುವಿನ ಆ ಮೊದಲ ಭೇಟಿ ಹೇಗೆ ನಡೆಯಿತೆಂದು ತಿಳಿಯಲು ಅಂದಿನ ಪತ್ರಿಕೆಗಳನ್ನು ನೋಡಿದರೆ ತಲೆ ತಿರುಗುತ್ತದೆ. ಹುಡುಗ ನೋಡಿದ ಕೂಡಲೇ ಅಮ್ಮಾ ಎಂದು ತಬ್ಬಿಕೊಂಡನೆಂದು ಒಂದು ಪತ್ರಿಕೆ. ಹುಡುಗ ಅತ್ತು ದೂರ ಸರಿದ, ಲೆಸ್ಸಿಗೂ ಖಾತ್ರಿಯಾಗಲಿಲ್ಲ ಎಂದು ಇನ್ನೊಂದು. ತಮ್ಮ ಅಲೊಂಜ಼ೋನನ್ನು ಕಂಡು ಮುತ್ತಿಟ್ಟನೆಂದು ಒಂದು, ಗುರುತೇ ಹಿಡಿಯಲಿಲ್ಲವೆಂದು ಮತ್ತೊಂದು. ಒಂದು ಸಂಗತಿಯಲ್ಲಿ ಮಾತ್ರ ಹೆಚ್ಚು ಭೇದವಿಲ್ಲ. ಮರುದಿನ ಹುಡುಗನಿಗೆ ಸ್ನಾನ ಮಾಡಿಸುವಾಗ ಮಚ್ಚೆ, ಕಲೆಗಳನ್ನು ನೋಡಿದ ಮೇಲೆ, ಇವನು ನನ್ನ ಬಾಬಿಯೇ ಎಂದು ಲೆಸ್ಸಿ ಹೇಳಿದಳು. ಅಪಲೂಸಸ್‌ನಲ್ಲಿ ವಾದ್ಯ ಮೇಳದೊಂದಿಗೆ ಮೆರವಣಿಗೆಯಾಯಿತು. ಹುಡುಗನಿಗೆ ಕುದುರೆ ಮರಿ, ಬೈಸಿಕಲ್ಲು ಬಂದವು.

ಇನ್ನು ಜೂಲಿಯಾ ಆಂಡರ್ಸನ್. ಹೊಲದಲ್ಲಿ ದುಡಿಯುತ್ತ, ವಾಲ್ಟರ್ಸನ ಮುದಿ ತಂದೆತಾಯಿಯ ಚಾಕರಿ ಮಾಡುತ್ತ ಬದುಕುತ್ತಿದ್ದ ಒಂಟಿ ಹೆಂಗಸು. ಮಗನನ್ನು ಒಂದೆರಡು ದಿನದ ಮಟ್ಟಿಗೆ ಕರೆದೊಯ್ಯಲು ವಾಲ್ಟರ್ಸನಿಗೆ ಒಪ್ಪಿಗೆ ಕೊಟ್ಟಿದ್ದೆ, ಅವನು ವರ್ಷ ಕಳೆದರೂ ತಿರುಗಿ ಬರಲಿಲ್ಲ ಎಂದಳು. ನ್ಯೂ ಆರ್ಲಿಯನ್ಸಿನ ಒಂದು ಪತ್ರಿಕೆ ರೈಲು ಖರ್ಚು ಕೊಟ್ಟು ಆಕೆಯನ್ನು ಅಪಲೂಸಸ್‌ಗೆ ಕರೆಸಿತು. ಒಂದೇ ಪ್ರಾಯದ ಐವರು ಹುಡುಗರನ್ನು ಆಕೆಯ ಮುಂದೆ ತಂದು, ಇವರಲ್ಲಿ ನಿನ್ನ ಮಗ ಯಾರು ಎಂದು ಕೇಳಿದರು. ಹುಡುಗ ಆಕೆಯನ್ನು ಗುರುತು ಹಿಡಿದಂತೆ ತೋರಲಿಲ್ಲ. ಆಕೆ ಅವನನ್ನು ನೋಡಿ, ಇವನೇ ಇರಬೇಕು ಎಂದಳು, ಖಂಡಿತ ಎನ್ನಲಿಲ್ಲ. ಮರುದಿನ ಬಟ್ಟೆ ಕಳಚಿ ನೋಡಿದ ಮೇಲೆ, ಇವನೇ ನನ್ನ ಬ್ರೂಸ್ ಎಂದಳು. ಅಷ್ಟರಲ್ಲಿ ಪತ್ರಿಕೆಗಳು ತೀರ್ಪು ಕೊಟ್ಟಾಗಿತ್ತು. ಹೆತ್ತ ಮಗುವನ್ನೇ ಗುರುತಿಸಲಾಗದವಳು ಎಂತಹ ತಾಯಿ ಎಂದು ಬರೆದವು. ಮದುವೆಯಿಲ್ಲದೆ ಮೂರು ಹೆತ್ತವಳು ಎಂಬುದು ದಪ್ಪಕ್ಷರದಲ್ಲಿ ಬಂತು.

ಓದುಗರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಬ್ಬರು ಹೆಂಗಸರೂ ಮೊದಲ ದಿನ ಅನುಮಾನಿಸಿದವರೇ. ಇಬ್ಬರೂ ಎರಡನೆಯ ದಿನ ಮೈ ನೋಡಿ ಒಪ್ಪಿಕೊಂಡವರೇ. ಲೆಸ್ಸಿ ಮಗನನ್ನು ಕಂಡು ಎಂಟು ತಿಂಗಳಾಗಿತ್ತು, ಜೂಲಿಯಾ ಕಂಡು ವರ್ಷದ ಮೇಲಾಗಿತ್ತು. ನಾಲ್ಕು ವರ್ಷದ ಮಕ್ಕಳ ಮುಖ ಒಂದು ಮಳೆಗಾಲ ಕಳೆಯುವುದರೊಳಗೆ ಬದಲಾಗುತ್ತದೆ, ಇದು ಹೆತ್ತವರಿಗೆಲ್ಲ ಗೊತ್ತು. ಆದರೂ ಲೆಸ್ಸಿಯ ಅನುಮಾನ ತಾಯಿಯ ಸಂಕಟವೆನಿಸಿತು, ಜೂಲಿಯಾಳ ಅನುಮಾನ ಆಕೆ ಸುಳ್ಳಿ ಎಂಬುದಕ್ಕೆ ಸಾಕ್ಷಿಯಾಯಿತು. ಐವರು ಹುಡುಗರನ್ನು ಸಾಲು ನಿಲ್ಲಿಸುವ ಪರೀಕ್ಷೆಯನ್ನು ಜೂಲಿಯಾಳಿಗೆ ಇಟ್ಟರು. ಲೆಸ್ಸಿಗೆ ಇಡಲಿಲ್ಲ. ಆಕೆಗೆ ತೋರಿಸಿದ್ದು ಒಬ್ಬನೇ ಹುಡುಗನನ್ನು, ಅದೂ ಇವನು ನಿನ್ನ ಮಗನಿರಬೇಕೆಂದು ಮೊದಲೇ ಹೇಳಿ. ಜೂಲಿಯಾಳ ಬಳಿ ವಕೀಲರಿಗೆ ಕೊಡಲು ಹಣವಿರಲಿಲ್ಲ, ಊರಲ್ಲಿ ಪರಿಚಯದ ಒಂದು ಮುಖವೂ ಇರಲಿಲ್ಲ. ಆಕೆ ಬಂದ ದಾರಿಯಲ್ಲೇ ನಾರ್ತ್ ಕ್ಯಾರೋಲಿನಾಕ್ಕೆ ಮರಳಿದಳು.

ಒಂದು ಮಗುವಿಗೆ ಇಬ್ಬರು ತಾಯಂದಿರು ಎಂದ ಕೂಡಲೇ ಸುಲೈಮಾನರ ಕತೆ ನೆನಪಾಗುತ್ತದೆ. ಬುಖಾರಿ, ಮುಸ್ಲಿಂ ಎರಡೂ ಹದೀಸ್ ಗ್ರಂಥಗಳಲ್ಲಿ ಬರುವ ರೂಪದಲ್ಲಿ ಮೊದಲು ತೋಳವೊಂದು ಬಂದು ಒಂದು ಮಗುವನ್ನು ಹೊತ್ತೊಯ್ಯುತ್ತದೆ. ಉಳಿದ ಮಗು ನನ್ನದು, ತೋಳ ಒಯ್ದದ್ದು ನಿನ್ನದು ಎಂದು ಇಬ್ಬರೂ ಜಗಳವಾಡುತ್ತಾರೆ. ದಾವೂದರು ಹಿರಿಯ ಹೆಂಗಸಿನ ಕಡೆಗೆ ತೀರ್ಪು ಕೊಡುತ್ತಾರೆ. ಸುಲೈಮಾನರು ಚೂರಿ ತರಲು ಹೇಳಿದಾಗ ಕಿರಿಯವಳು, ಬೇಡ, ಮಗು ಅವಳದೇ ಎನ್ನುತ್ತಾಳೆ. ಮಗು ಕಿರಿಯವಳ ಪಾಲಾಗುತ್ತದೆ. ಇಲ್ಲಿ ತೋಳದ ಜಾಗದಲ್ಲಿ ಮೊಸಳೆಯ ಕೆರೆಯಿದೆ, ಅಷ್ಟೇ. ಅಪಲೂಸಸ್‌ನಲ್ಲಿ ಲೆಸ್ಸಿಯೂ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನಮಗನಿಸುತ್ತದೆ. ಎಂಟು ತಿಂಗಳು ಕಣ್ಣೀರಿಟ್ಟ ಹೆಂಗಸು ಮಗುವಿನ ಮೈಮೇಲೆ ತನಗೆ ಬೇಕಾದ ಮಚ್ಚೆಯನ್ನು ಕಂಡಿದ್ದಾಳೆ. ಇಂಥವರ ಮುಂದೆ ಸುಲೈಮಾನರ ಚೂರಿಯೂ ಕೆಲಸ ಮಾಡುತ್ತಿರಲಿಲ್ಲವೇನೋ. ಆದರೆ ಸುತ್ತಲಿದ್ದ ಪೊಲೀಸರು, ಪತ್ರಿಕೆಯವರು, ವಕೀಲರು ಅಳುವ ತಾಯಂದಿರಲ್ಲವಲ್ಲ. ಅವರಿಗಾದರೂ ಕಣ್ಣು ತೆರೆದಿರಬೇಕಿತ್ತು.

ವಾಲ್ಟರ್ಸನ ಮೇಲೆ ಮಗು ಕದ್ದ ಮೊಕದ್ದಮೆ 1914ರಲ್ಲಿ ನಡೆಯಿತು. ಆ ರಾಜ್ಯದಲ್ಲಿ ಅದಕ್ಕೆ ಮರಣದಂಡನೆಯೂ ಆಗಬಹುದಿತ್ತು. ಜೂಲಿಯಾ ಮತ್ತೆ ಬಂದು ಅವನ ಪರವಾಗಿ ಸಾಕ್ಷಿ ಹೇಳಿದಳು. ಮಿಸಿಸಿಪಿಯ ಪಾಪ್ಲರ್‌ವಿಲ್ ಕಡೆಯ ಹಲವರು ಬಂದು, ಬಾಬಿ ಕಾಣೆಯಾಗುವುದಕ್ಕೂ ಮೊದಲೇ ವಾಲ್ಟರ್ಸ್ ಇದೇ ಹುಡುಗನೊಂದಿಗೆ ನಮ್ಮಲ್ಲಿ ಉಳಿದಿದ್ದ ಎಂದರು. ಈ ಒಂದು ಮಾತು ನಿಜವಾದರೆ ಮೊಕದ್ದಮೆಯೇ ಉಳಿಯುವುದಿಲ್ಲ. ಉರ್ದುವಿನಲ್ಲಿ ಗವಾಹಿ ಎನ್ನುತ್ತೇವೆ, ಕಣ್ಣಾರೆ ಕಂಡವರ ಸಾಕ್ಷಿ. ಅದು ಬೇಕಾದಷ್ಟಿತ್ತು. ಆದರೂ ಜ್ಯೂರಿ ಅವನನ್ನು ಅಪರಾಧಿ ಎಂದಿತು, ಜೀವಾವಧಿ ಶಿಕ್ಷೆಯಾಯಿತು. ಇವನು ನಿರಪರಾಧಿ ಎಂದರೆ ಹುಡುಗ ಬಾಬಿಯಲ್ಲ ಎಂದಾಗುತ್ತಿತ್ತು. ಮೆರವಣಿಗೆ ಮಾಡಿದ ಊರಿಗೆ ಅದು ಬೇಕಿರಲಿಲ್ಲ. ಎರಡು ವರ್ಷ ಸೆರೆಯಲ್ಲಿದ್ದ ಮೇಲೆ ವಾಲ್ಟರ್ಸನ ಮೇಲ್ಮನವಿ ಗೆದ್ದು ಮರುವಿಚಾರಣೆಗೆ ಆದೇಶವಾಯಿತು. ಮೊದಲ ವಿಚಾರಣೆಗೇ ವಿಪರೀತ ಖರ್ಚಾಗಿದೆ ಎಂದು ಸರ್ಕಾರಿ ವಕೀಲರು ಕೈಬಿಟ್ಟರು. ಅವನು ಹೊರಬಂದ. ಹುಡುಗ ಮಾತ್ರ ಡನ್‌ಬಾರ್ ಮನೆಯಲ್ಲೇ ಉಳಿದ. ಮಗು ಕದ್ದವನೆಂದು ಯಾರನ್ನೂ ಸಾಬೀತು ಮಾಡಲಾಗಲಿಲ್ಲ, ಆದರೂ ಆ ಮಗು ಕದ್ದದ್ದೇ ಎಂಬ ವಿಚಿತ್ರ ನ್ಯಾಯ!

1913ರಲ್ಲಿ ರಕ್ತ ಪರೀಕ್ಷೆ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲೇ ಕಂಡುಹಿಡಿದಿದ್ದ. ತಂದೆಮಕ್ಕಳ ಸಂಬಂಧದ ತಗಾದೆಗಳಲ್ಲಿ ನ್ಯಾಯಾಲಯಗಳು ಅದನ್ನು ಬಳಸತೊಡಗಿದ್ದು 1920ರ ದಶಕದಲ್ಲಿ.

ಜೂಲಿಯಾ ಮುಂದೆ ಪಾಪ್ಲರ್‌ವಿಲ್ ಕಡೆಯಲ್ಲೇ ನೆಲೆಸಿದಳು. ಸಾಕ್ಷಿ ಹೇಳಲು ಬಂದಿದ್ದ ಆ ಜನ ಆಕೆಯನ್ನು ತಮ್ಮವಳಾಗಿ ಮಾಡಿಕೊಂಡರು. ಮದುವೆಯಾಯಿತು, ಏಳು ಮಕ್ಕಳಾದವು. ಸುತ್ತಲಿನವರಿಗೆ ಆಕೆ ಸೂಲಗಿತ್ತಿ, ದಾದಿ. ಒಂದು ಚರ್ಚು ಕಟ್ಟುವಲ್ಲಿಯೂ ಆಕೆಯ ಪಾಲಿತ್ತು. ಪತ್ರಿಕೆಗಳು ಬರೆದ ಜೂಲಿಯಾಗೂ ಈ ಜೂಲಿಯಾಗೂ ಎಲ್ಲಿಂದೆಲ್ಲಿಯ ಸಂಬಂಧ? ಆಕೆಯ ಮಕ್ಕಳು ತಮಗೊಬ್ಬ ಅಣ್ಣನಿದ್ದ, ಬ್ರೂಸ್ ಎಂದು ಹೆಸರು, ಅವನನ್ನು ಡನ್‌ಬಾರ್ ಎಂಬವರು ಒಯ್ದರು ಎಂದು ಕೇಳುತ್ತಲೇ ಬೆಳೆದರು. ಒಂದು ಮನೆಯಲ್ಲಿ ಕಳ್ಳರಿಂದ ಬಿಡಿಸಿ ತಂದ ಮಗು, ಇನ್ನೊಂದು ಮನೆಯಲ್ಲಿ ಕದ್ದೊಯ್ದ ಮಗು.

ಬಾಬಿ ಡನ್‌ಬಾರ್ ಎಂಬ ಹೆಸರಿನಲ್ಲೇ ಆ ಹುಡುಗ ಬೆಳೆದ, ಮದುವೆಯಾದ, ನಾಲ್ಕು ಮಕ್ಕಳ ತಂದೆಯಾದ, 1966ರಲ್ಲಿ ತೀರಿಕೊಂಡ. ಅವನಿಗೆ ಏನು ಗೊತ್ತಿತ್ತು? ಜೂಲಿಯಾಳ ಮಕ್ಕಳಲ್ಲಿ ಇಬ್ಬರು ಮುಂದೆ ಒಂದು ಸಂಗತಿ ನೆನಪಿಸಿಕೊಂಡರು. ಯಾರೋ ಅಪರಿಚಿತ ಗಂಡಸು ತಾವಿದ್ದಲ್ಲಿಗೆ ಬಂದು, ಸ್ವಲ್ಪ ಹೊತ್ತು ಕುಶಲ ಮಾತಾಡಿ, ಬಂದ ಕಾರಣ ಹೇಳದೆ ಹೋಗಿದ್ದನಂತೆ. ಅದು ಅವನೇ ಎಂದು ಅವರ ನಂಬಿಕೆ.

ಗಂಟು ಬಿಚ್ಚಲು ಹೊರಟವಳು ಅವನ ಮೊಮ್ಮಗಳು ಮಾರ್ಗರೆಟ್ ಡನ್‌ಬಾರ್ ಕಟ್‌ರೈಟ್. ಪತ್ರಿಕಾ ತುಣುಕುಗಳನ್ನು ಅಂಟಿಸಿದ ಹಳೆಯ ಪುಸ್ತಕವೊಂದು 1999ರಲ್ಲಿ ತಂದೆಯಿಂದ ಆಕೆಗೆ ಸಿಕ್ಕಿತು. ಅಜ್ಜನ ಕತೆ ನಿಜವೆಂದು ತೋರಿಸಲೆಂದೇ ಆಕೆ ಕೆದಕತೊಡಗಿದ್ದು. ಊರೂರು ತಿರುಗಿ ಹಳೆಯ ಪತ್ರಿಕೆಗಳು, ವಾಲ್ಟರ್ಸನ ವಕೀಲರ ಕಡತ ಎಲ್ಲ ಓದಿದ ಮೇಲೆ ಆಕೆಯ ಮನಸ್ಸು ಇನ್ನೊಂದು ಕಡೆಗೆ ವಾಲಿತು. 2004ರಲ್ಲಿ ಆಕೆಯ ತಂದೆಯೂ ಅಲೊಂಜ಼ೋನ ಮಗನೂ ಡಿಎನ್‌ಎ ಪರೀಕ್ಷೆಗೆ ಒಪ್ಪಿದರು. ಲೆಕ್ಕ ಸರಳ. ಬಾಬಿ ಮತ್ತು ಅಲೊಂಜ಼ೋ ಒಡಹುಟ್ಟಿದವರಾದರೆ ಅವರ ಗಂಡುಮಕ್ಕಳಲ್ಲಿ ಒಂದೇ ವಂಶದ ಗುರುತಿರಬೇಕು. ಇರಲಿಲ್ಲ. ಆತ ಡನ್‌ಬಾರ್ ಅಲ್ಲ ಎಂಬುದಷ್ಟನ್ನೇ ಆ ಪರೀಕ್ಷೆ ಹೇಳಿದ್ದು. ಬ್ರೂಸ್ ಎಂದು ಹೇಳುವುದು ಜೂಲಿಯಾ, ವಾಲ್ಟರ್ಸ್ ಮತ್ತು ಪಾಪ್ಲರ್‌ವಿಲ್‌ನವರ ಮಾತು. ಅವರನ್ನು ನಂಬದಿರಲು ಈಗ ನಮಗೆ ಕಾರಣ ಕಾಣುವುದಿಲ್ಲ. ಜೂಲಿಯಾ ಮತ್ತು ವಾಲ್ಟರ್ಸ್ ಮನೆತನದವರು ನೆಮ್ಮದಿಪಟ್ಟರು. ಡನ್‌ಬಾರ್ ಬಂಧುಗಳಲ್ಲಿ ಕೆಲವರು ಮಾರ್ಗರೆಟ್ ಮೇಲೆ ಮುನಿಸಿಕೊಂಡರು. ಇದನ್ನೇಕೆ ಕೆದಕಬೇಕಿತ್ತು ಎಂಬುದು ಅವರ ಸಿಟ್ಟು. ಹೆಸರು, ಅಜ್ಜಿ, ಗೋರಿ ಎಲ್ಲವೂ ಒಮ್ಮೆಲೇ ಪರರದಾದಾಗ ಸಿಟ್ಟು ಬರುವುದು ಸಹಜವೇ. ಆಕೆ ಟಾಲ್ ಮೆಕ್‌ಥೀನಿಯಾ ಎಂಬ ಲೇಖಕನೊಂದಿಗೆ ಬರೆದ 'ಎ ಕೇಸ್ ಫಾರ್ ಸಾಲೊಮನ್' 2012ರಲ್ಲಿ ಬಂತು.

ಹಾಗಾದರೆ ನಿಜವಾದ ಬಾಬಿ? ಕೆರೆಗೆ ಬಿದ್ದು ಮೊಸಳೆಯ ಪಾಲಾಗಿರಬಹುದು ಎಂಬುದು ಮಾರ್ಗರೆಟ್ ಊಹೆ. ರೈಲುಹಳಿಯ ಕಡೆಗೆ ಹೋದ ಹೆಜ್ಜೆಗಳು ಯಾರವು, ಅಂದು ಆ ದಾರಿಯಲ್ಲಿ ಯಾರು ನಡೆದಿದ್ದರು ಎಂದು ಎರಡನೆಯ ಸಲ ವಿಚಾರಿಸಬೇಕಾದ ಕಾಲದಲ್ಲಿ ಅಪಲೂಸಸ್‌ನಲ್ಲಿ ವಾದ್ಯ ಮೊಳಗುತ್ತಿತ್ತು. ಮಗು ಮನೆಯಲ್ಲೇ ಕುದುರೆ ಮರಿಯೊಂದಿಗೆ ಆಡುತ್ತಿರುವಾಗ ಹುಡುಕುವವರು ಯಾರು? 1913ರ ಏಪ್ರಿಲ್ ನಂತರ ಆ ನಾಲ್ಕು ವರ್ಷದ ಹುಡುಗನಿಗಾಗಿ ಯಾರೂ ಕೆರೆಯ ಕಡೆಗೆ ಹೋಗಲಿಲ್ಲ.