ಆಕಾಶದ ಅಪರಿಚಿತ ವಸ್ತು: ಛಾಯಾಚಿತ್ರ ಹೇಳುವುದೇನು, ಹೇಳದಿರುವುದೇನು?

ಆಕಾಶದಲ್ಲಿ ಕಂಡ ವಸ್ತುವೊಂದು ಏನೆಂದು ತಿಳಿಯದಿದ್ದಾಗ ಅದನ್ನು ‘ಗುರುತಿಸಲಾಗದ ಹಾರುವ ವಸ್ತು’ ಅಥವಾ ಯುಎಫ್‌ಒ ಎಂದು ಕರೆಯುತ್ತಾರೆ. ಈ ಹೆಸರು ಸೂಚಿಸುವುದು ನೋಡಿದವರ ತಿಳಿವಿನ ಮಿತಿಯನ್ನೇ ಹೊರತು ಅನ್ಯಗ್ರಹ ಜೀವಿಗಳ ಇರವನ್ನಲ್ಲ. ಮೊಬೈಲ್ ಕ್ಯಾಮರಾ ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಇಂತಹ ಚಿತ್ರಗಳು ಮಕ್ಕಳ ಕೈಗೂ ಸುಲಭವಾಗಿ ತಲುಪುತ್ತವೆ. ಅವುಗಳನ್ನು ನಂಬುವ ಅಥವಾ ತಳ್ಳಿಹಾಕುವ ಮುನ್ನ ಛಾಯಾಚಿತ್ರದ ಶಕ್ತಿಯನ್ನೂ ಮಿತಿಯನ್ನೂ ಅರಿಯಬೇಕು.

ಹಿನ್ನೆಲೆ

1883ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಸಕಾಟೆಕಾಸ್ ವೀಕ್ಷಣಾಲಯದಲ್ಲಿ ಖಗೋಳಜ್ಞ ಹೊಸೆ ಬೊನಿಲ್ಲಾ ಅವರು ಸೂರ್ಯಬಿಂಬದ ಮುಂದೆ ಹಾದುಹೋದ ನೂರಾರು ಕಪ್ಪು ವಸ್ತುಗಳನ್ನು ಕಂಡು, ಕೆಲವನ್ನು ಚಿತ್ರಫಲಕಗಳಲ್ಲಿ ಸೆರೆಹಿಡಿದರು. ಇವನ್ನು ಯುಎಫ್‌ಒಗಳ ಮೊದಲ ಛಾಯಾಚಿತ್ರಗಳೆಂದು ಹೇಳುವುದುಂಟು. 1886ರಲ್ಲಿ ಅವರ ವರದಿಯನ್ನು ಪ್ರಕಟಿಸಿದ ಫ್ರೆಂಚ್ ಪತ್ರಿಕೆಯು ಅವು ಹಕ್ಕಿಗಳೋ ಕೀಟಗಳೋ ಧೂಳೋ ಆಗಿರಬಹುದೆಂದು ಅಭಿಪ್ರಾಯಪಟ್ಟಿತು.

1947ರ ಜೂನ್ 24ರಂದು ಅಮೆರಿಕದ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ಅವರು ಮೌಂಟ್ ರೇನಿಯರ್ ಬಳಿ ಒಂಬತ್ತು ವಸ್ತುಗಳನ್ನು ಕಂಡುದಾಗಿ ತಿಳಿಸಿದರು. ‘ಹಾರುವ ತಟ್ಟೆ’ ಎಂಬ ಪದ ಪತ್ರಿಕೆಗಳಲ್ಲಿ ಹುಟ್ಟಿದ್ದು ಆಗಲೇ. 1952ರಿಂದ 1969ರವರೆಗೆ ನಡೆದ ಅಮೆರಿಕದ ವಾಯುಪಡೆಯ ‘ಪ್ರಾಜೆಕ್ಟ್ ಬ್ಲೂ ಬುಕ್’, 1947ರಿಂದ ಬಂದಿದ್ದ ಒಟ್ಟು 12,618 ವರದಿಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ 701 ಮಾತ್ರ ಗುರುತಿಸಲಾಗದೆ ಉಳಿದವು.

ಗಾತ್ರ, ದೂರ, ವೇಗ

ಛಾಯಾಚಿತ್ರದಲ್ಲಿ ನೇರವಾಗಿ ದಾಖಲಾಗುವುದು ವಸ್ತುವಿನ ಗಾತ್ರವಲ್ಲ, ಅದು ಕಣ್ಣಿಗೆ ಮಾಡುವ ಕೋನ. ಹುಣ್ಣಿಮೆಯ ಚಂದ್ರ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತಾನೆ. ಸುಮಾರು 33 ಮೀಟರ್ ದೂರದಲ್ಲಿರುವ 30 ಸೆಂಟಿಮೀಟರ್ ಅಗಲದ ತಟ್ಟೆಯೂ, 3.3 ಕಿಲೋಮೀಟರ್ ದೂರದಲ್ಲಿರುವ 30 ಮೀಟರ್ ಅಗಲದ ವಾಹನವೂ ಅಷ್ಟೇ ದೊಡ್ಡದಾಗಿ ಕಾಣುತ್ತವೆ. ದೂರ ತಿಳಿಯದೆ ಗಾತ್ರ ತಿಳಿಯದು. ದೂರ ತಿಳಿಯದೆ ವೇಗವೂ ತಿಳಿಯದು.

1950ರ ಮೇ ತಿಂಗಳಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಮ್ಯಾಕ್‌ಮಿನ್‌ವಿಲ್ ಬಳಿ ರೈತ ದಂಪತಿಯ ಹೊಲಮನೆಯಲ್ಲಿ ತೆಗೆದ ಎರಡು ಚಿತ್ರಗಳ ವಿವಾದಕ್ಕೆ ಮೂಲ ಇದೇ. ಚಿತ್ರದಲ್ಲಿ ತಟ್ಟೆಯಾಕಾರದ ವಸ್ತುವಿದೆ. ಅದರ ಮೇಲ್ಭಾಗದಲ್ಲಿ ತಂತಿಗಳೂ ಇವೆ. ವಸ್ತುವಿನ ನೆರಳುಭಾಗದ ಮಬ್ಬನ್ನು ಅಳೆದು, ಅದು ದೂರದಲ್ಲಿದ್ದಿರಬಹುದೆಂದು ಕೆಲವರು ವಾದಿಸಿದರು. ತಂತಿಗೆ ತೂಗುಹಾಕಿದ ಸಣ್ಣ ಮಾದರಿ ಎಂದು ಇತರರು ವಾದಿಸಿದರು. ದಶಕಗಳು ಕಳೆದರೂ ವಾದ ಮುಗಿದಿಲ್ಲ.

ಅಮೆರಿಕದ ನೌಕಾಪಡೆಯ ‘ಗೋ ಫಾಸ್ಟ್’ ಎಂಬ ವಿಡಿಯೋದಲ್ಲಿ ವಸ್ತುವೊಂದು ಸಮುದ್ರದ ಮೇಲೆ ಅತಿವೇಗದಿಂದ ಸಾಗುವಂತೆ ತೋರುತ್ತದೆ. 2023ರಲ್ಲಿ ವರದಿ ನೀಡಿದ ನಾಸಾದ ತಜ್ಞರ ತಂಡ, ತೆರೆಯ ಮೇಲಿದ್ದ ಅಂಕಿಗಳಿಂದಲೇ ಲೆಕ್ಕಹಾಕಿ, ವಸ್ತು ಸುಮಾರು 4 ಕಿಲೋಮೀಟರ್ ಎತ್ತರದಲ್ಲಿದ್ದು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿತ್ತೆಂದು ತೋರಿಸಿತು. ಚಲಿಸುವ ರೈಲಿನಿಂದ ಹತ್ತಿರದ ಕಂಬಗಳು ಹಿಂದಕ್ಕೆ ಓಡುವಂತೆ ಕಾಣುವುದಿಲ್ಲವೇ? ಇಲ್ಲಿಯೂ ವೇಗದ ಬಹುಪಾಲು ವಿಮಾನದ್ದೇ ಆಗಿತ್ತು.

ಕ್ಯಾಮರಾದ ಭ್ರಮೆಗಳು

ಪ್ರಖರ ದೀಪ ಚೌಕಟ್ಟಿನಲ್ಲಿದ್ದರೆ ಮಸೂರದೊಳಗಿನ ಪ್ರತಿಫಲನದಿಂದ, ಚಿತ್ರದ ಮಧ್ಯಬಿಂದುವಿನ ಎದುರುಬದಿಯಲ್ಲಿ ಬೆಳಕಿನ ಚುಕ್ಕೆ ಮೂಡಬಹುದು. ಫೋಕಸ್ ತಪ್ಪಿದರೆ ಶುಕ್ರಗ್ರಹವೂ ದುಂಡನೆಯ ತಟ್ಟೆಯಾಗುತ್ತದೆ. ಫ್ಲ್ಯಾಷ್ ಬೆಳಕಿನಲ್ಲಿ ಧೂಳಿನ ಕಣಗಳು ಹೊಳೆಯುವ ಗೋಳಗಳಾಗುತ್ತವೆ. ಮೊಬೈಲಿನ ರಾತ್ರಿ ವಿಧಾನ ಹಲವು ಚಿತ್ರಗಳನ್ನು ಬೆಸೆಯುವುದರಿಂದ ಚಲಿಸುವ ದೀಪದ ಆಕಾರ ಬದಲಾಗಬಹುದು.

ನಮ್ಮ ಆಕಾಶದಲ್ಲಿ

ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದಿಂದ ಹಾರಿಬಿಡುವ ಬೃಹತ್ ಬಲೂನುಗಳು 30 ಕಿಲೋಮೀಟರಿಗೂ ಮೇಲೇರಬಲ್ಲವು. ನೆಲದಲ್ಲಿ ಕತ್ತಲಿರುವಾಗಲೂ ಅಷ್ಟು ಎತ್ತರದಲ್ಲಿ ಬಿಸಿಲು ಇರಬಹುದಾದ್ದರಿಂದ ಅವು ಹೊಳೆಯುತ್ತವೆ. ಪಶ್ಚಿಮ ತೆಲಂಗಾಣ, ಸೋಲಾಪುರ ಭಾಗದ ಕುಟುಂಬಗಳು ಇದನ್ನು ನೆನಪಿಡಬೇಕು. ಬಲೂನಿನ ಉಪಕರಣ ನೆಲಕ್ಕೆ ಬಿದ್ದಿರುವುದು ಕಂಡರೆ ಅದನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. 2019ರಿಂದ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲುಗಳೂ ಕಾಣಸಿಗುತ್ತಿವೆ. 2022ರ ಡಿಸೆಂಬರ್ 15ರ ಸಂಜೆ ಪೂರ್ವ ಭಾರತದ ಜನರು ಕಂಡ ವಿಚಿತ್ರ ಬೆಳಕು ಅಗ್ನಿ-5 ಕ್ಷಿಪಣಿಯ ಪರೀಕ್ಷೆಗೆ ಸಂಬಂಧಿಸಿದ್ದು.

ಚಿತ್ರ ತೆಗೆಯುವ ಕ್ರಮ

• ಚೌಕಟ್ಟಿನಲ್ಲಿ ಮರ, ಮಾಡು, ಬೆಟ್ಟದಂತಹ ಸ್ಥಿರ ವಸ್ತುವೊಂದು ಇರಲಿ.
• ಮೊಬೈಲನ್ನು ಗೋಡೆಗೋ ಕಂಬಕ್ಕೋ ಒರಗಿಸಿ ಹಿಡಿಯಿರಿ. ಜೂಮ್ ಇಲ್ಲದ ಚಿತ್ರವನ್ನೂ ತೆಗೆಯಿರಿ.
• ದಿನಾಂಕ, ನಿಖರ ಸಮಯ, ನಿಂತ ಸ್ಥಳ, ದಿಕ್ಕು, ದಿಗಂತದಿಂದ ಇರುವ ಎತ್ತರ, ಶಬ್ದ, ಮೋಡ, ಗಾಳಿಯ ವಿವರಗಳನ್ನು ಕೂಡಲೇ ಬರೆದಿಡಿ.
• ಸಾಧ್ಯವಾದರೆ ಕೆಲವು ಕಿಲೋಮೀಟರ್ ದೂರದ ಸ್ನೇಹಿತರೂ ಅದೇ ಹೊತ್ತಿಗೆ ಚಿತ್ರ ತೆಗೆಯಲಿ. ಎರಡು ಸ್ಥಳಗಳ ಕೋನಗಳಿಂದ ದೂರವನ್ನು ತ್ರಿಕೋನಮಿತಿಯ ಮೂಲಕ ಲೆಕ್ಕಹಾಕಬಹುದು.
• ಮೂಲ ಕಡತವನ್ನು ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳುಹಿಸಿದರೆ ಚಿತ್ರ ಕುಗ್ಗಿ, ಅದರೊಳಗಿನ ಸಮಯ ಮತ್ತು ಸ್ಥಳದ ದಾಖಲೆಗಳು ಅಳಿಸಿಹೋಗುತ್ತವೆ.
• ಸೂರ್ಯನತ್ತ ಬರಿಗಣ್ಣಿನಿಂದಾಗಲಿ ದುರ್ಬೀನಿನಿಂದಾಗಲಿ ನೋಡಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಚಿತ್ರಗಳು ಗುರುತು ಸಿಗದೆ ಉಳಿಯುತ್ತವೆ. ಆಗ ‘ಇದು ಏನೆಂದು ಇನ್ನೂ ತಿಳಿದಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ. ವಿವರ ಸರಿಯಾಗಿ ದಾಖಲಾಗಿದ್ದರೆ ಮುಂದೊಂದು ದಿನ ಇನ್ನೊಬ್ಬರು ಅದಕ್ಕೆ ಉತ್ತರ ಕಂಡುಕೊಳ್ಳಬಲ್ಲರು.