ಬಿಎಸ್‌ಎಸ್: ಜಾಗ ಕಾಯ್ದಿರಿಸುವ ಪದ

ಸಿ ಭಾಷೆಯಲ್ಲಿ ಒಂದೇ ಸಾಲಿನ ಪ್ರೋಗ್ರಾಂ ಬರೆದು, ಹತ್ತು ಲಕ್ಷ ಬೈಟ್‌ಗಳ ಗ್ಲೋಬಲ್ ಅರೇ ಒಂದಕ್ಕೆ ‘ರಾಶಿ’ ಎಂದು ಹೆಸರಿಡಬಹುದು. ಹೆಸರು ಕನ್ನಡ ಲಿಪಿಯಲ್ಲೇ ಇರಲಿ. 2020ರಲ್ಲಿ ಬಂದ ಜಿಸಿಸಿ 10ರಿಂದೀಚೆಗೆ ಕಂಪೈಲರ್ ಇದಕ್ಕೆ ತಕರಾರು ತೆಗೆಯುವುದಿಲ್ಲ. ಆದರೆ ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲ್ ತೂಗುವುದು ಒಂದೆರಡು ಕಿಲೋಬೈಟ್ ಮಾತ್ರ. ಹತ್ತು ಲಕ್ಷ ಬೈಟ್ ಎಲ್ಲಿ ಹೋಯಿತು?

ಟರ್ಮಿನಲ್‌ನಲ್ಲಿ ‘ಎನ್‌ಎಂ’ ಕಮಾಂಡನ್ನು, ಅಂದರೆ ಫೈಲಿನೊಳಗಿನ ಹೆಸರುಗಳನ್ನು ಪಟ್ಟಿ ಮಾಡುವ ಕಮಾಂಡನ್ನು, ಆ ಫೈಲಿನ ಮೇಲೆ ದೊಡ್ಡ ಎಸ್ ಆಯ್ಕೆಯೊಂದಿಗೆ ಓಡಿಸಿದರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ. ಮೊದಲು ಬರೀ ಸೊನ್ನೆಗಳ ವಿಳಾಸ, ಪಕ್ಕದಲ್ಲಿ ಎಫ್4240 ಎಂಬ ಅಳತೆ, ಆಮೇಲೆ ‘ಬಿ’ ಎಂಬ ಒಂಟಿ ದೊಡ್ಡ ಅಕ್ಷರ, ಕೊನೆಗೆ ‘ರಾಶಿ’. ಹದಿನಾರರ ಎಣಿಕೆಯ ಎಫ್4240 ಎಂದರೆ ಸರಿಯಾಗಿ 10,00,000. ‘ರಾಶಿ’ ಎಂಬ ಪದಕ್ಕೆ ಯುಟಿಎಫ್-8ರಲ್ಲಿ 12 ಬೈಟ್ ಬೇಕು. ಆ 12 ಬೈಟ್ ಫೈಲಿನಲ್ಲಿವೆ, ರಾಶಿ ಇಲ್ಲ.

ಆ ‘ಬಿ’ ಅಕ್ಷರದ ಹಿಂದೆ ಇರುವ ಪದವೇ ಬಿಎಸ್‌ಎಸ್. ಆರಂಭಿಕ ಬೆಲೆ ಕೊಡದ, ಅಥವಾ ಸೊನ್ನೆ ಎಂದೇ ಕೊಟ್ಟ ಗ್ಲೋಬಲ್ ವೇರಿಯಬಲ್‌ಗಳ ವಿಭಾಗ ಅದು. ಬಡಾವಣೆಯ ನಕ್ಷೆಯಲ್ಲಿ ನಿವೇಶನಕ್ಕೆ ಸಂಖ್ಯೆ, ಉದ್ದಗಲ ಇರುತ್ತವೆ, ಇಟ್ಟಿಗೆ ಇರುವುದಿಲ್ಲ. ಬಿಎಸ್‌ಎಸ್ ಕೂಡ ಹಾಗೆಯೇ. ಅದೇ ಅರೇಯ ಮೊದಲ ಮನೆಗೆ 1 ಎಂದು ಬೆಲೆ ಕೊಟ್ಟು ಮತ್ತೆ ಕಂಪೈಲ್ ಮಾಡಿದರೆ ‘ಬಿ’ ಹೋಗಿ ಡೇಟಾ ವಿಭಾಗದ ‘ಡಿ’ ಬರುತ್ತದೆ, ಫೈಲ್ ಹತ್ತು ಲಕ್ಷ ಬೈಟ್ ದಾಟುತ್ತದೆ. ಒಂದು ಅಂಕಿಯ ಬೆನ್ನಿಗೆ ಉಳಿದ 9,99,999 ಸೊನ್ನೆಗಳೂ ಡಿಸ್ಕ್‌ಗೆ ಬಂದು ಕೂರುತ್ತವೆ.

ಪದದ ಹುಟ್ಟು ಯುನಿಕ್ಸ್‌ಗಿಂತ ಹಳೆಯದು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯಲ್ಲಿ ರಾಯ್ ನಟ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ಒಂದು ಅಸೆಂಬ್ಲರ್ ಬರೆದರು. ಅದರಲ್ಲಿದ್ದ ಒಂದು ನಿರ್ದೇಶನ ‘ಬ್ಲಾಕ್ ಸ್ಟಾರ್ಟೆಡ್ ಬೈ ಸಿಂಬಲ್’: ಇಲ್ಲಿ ಒಂದು ಹೆಸರು ನೆಡು, ಅಲ್ಲಿಂದ ಮುಂದಕ್ಕೆ ಇಷ್ಟು ಮೆಮೊರಿ ಪದಗಳ (ವರ್ಡ್) ಜಾಗ ಬಿಡು. ಅದಕ್ಕೊಂದು ಜೋಡಿಯೂ ಇತ್ತು, ಬಿಇಎಸ್, ಅಂದರೆ ‘ಬ್ಲಾಕ್ ಎಂಡೆಡ್ ಬೈ ಸಿಂಬಲ್’. ಹೆಸರನ್ನು ಜಾಗದ ಕೊನೆಯಲ್ಲಿ ನೆಡುವುದು ಇಂದಿನವರಿಗೆ ವಿಚಿತ್ರ ಅನಿಸಬಹುದು. ಆದರೆ 704ರ ಇಂಡೆಕ್ಸ್ ರಿಜಿಸ್ಟರ್ ವಿಳಾಸಕ್ಕೆ ಕೂಡುತ್ತಿರಲಿಲ್ಲ, ವಿಳಾಸದಿಂದ ಕಳೆಯುತ್ತಿತ್ತು. ಹಾಗಾಗಿ ಫೋರ್ಟ್ರಾನ್ ತನ್ನ ಅರೇಗಳನ್ನು ಮೆಮೊರಿಯಲ್ಲಿ ಹಿಂದುಮುಂದಾಗಿ ಜೋಡಿಸುತ್ತಿತ್ತು, ಬಿಇಎಸ್ ಅಲ್ಲಿ ಸಹಜವಾಗಿ ಹೊಂದಿಕೊಂಡಿತು. ಕಳೆಯುವ ಯಂತ್ರಗಳು ಮರೆಯಾದ ಮೇಲೆ ಬಿಇಎಸ್ ಬಹುಮಟ್ಟಿಗೆ ಮರೆಗೆ ಸರಿಯಿತು, ಬಿಎಸ್‌ಎಸ್ ಬದುಕಿತು.

ಐಬಿಎಂ ಯಂತ್ರಗಳ ಫ್ಯಾಪ್ ಅಸೆಂಬ್ಲರ್ ಮೂಲಕ ಪದ ಬೆಲ್ ಲ್ಯಾಬ್ಸ್‌ನವರ ಬಾಯಿಗೆ ಬಂತು, ಅಲ್ಲಿಂದ ಯುನಿಕ್ಸ್‌ಗೆ. ‘ನೇಮ್ ಲಿಸ್ಟ್’ ಎಂಬುದನ್ನು ಎರಡಕ್ಷರಕ್ಕೆ ಇಳಿಸಿದ ‘ಎನ್‌ಎಂ’ 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದೆ. ಯುನಿಕ್ಸ್‌ನಲ್ಲಿ ಬಿಎಸ್‌ಎಸ್ ನಿರ್ದೇಶನದ ಹೆಸರಾಗಿ ಉಳಿಯದೆ ಒಂದು ಇಡೀ ವಿಭಾಗದ ಹೆಸರಾಯಿತು. ಅಲ್ಲಿಂದಾಚೆಗೆ ವಿಸ್ತರಣೆ ಜನರ ನೆನಪಿನಿಂದ ಜಾರತೊಡಗಿತು. ‘ಬೆಟರ್ ಸೇವ್ ಸ್ಪೇಸ್’ ಎಂದು ನೆನಪಿಟ್ಟುಕೊಳ್ಳಿ ಎನ್ನುವ ಪುಸ್ತಕವೂ ಇದೆ. ನೆನಪಿಗೆ ಅದು ಸೊಗಸು, ಆದರೆ ಪದದ ಅರ್ಧ ಅರ್ಥ ಅಲ್ಲೇ ಬಿದ್ದುಹೋಗುತ್ತದೆ. ಹಳೆಯ ವಿಸ್ತರಣೆ ತಿಳಿದವರಿಗೆ ‘ಎನ್‌ಎಂ’ ಕೊಡುವ ಸಾಲು ತಾನಾಗಿ ಓದಿಸಿಕೊಳ್ಳುತ್ತದೆ: ಎಲ್ಲಿಂದ ಶುರು, ಎಷ್ಟು ಜಾಗ, ಯಾವ ಸಿಂಬಲ್. ಎಪ್ಪತ್ತು ವರ್ಷಗಳ ಹಿಂದಿನ ನಿರ್ದೇಶನ ಆ ಸಾಲಿನಲ್ಲಿ ಮುಕ್ಕಾಗದೆ ನಿಂತಿದೆ. ಪಠ್ಯಪುಸ್ತಕಗಳು ಆ ಹಳೆಯ ವಿಸ್ತರಣೆಯನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ವಾಕ್ಯದಲ್ಲೇ ಹೇಳಬೇಕು.

ಪದಕ್ಕೆ ಮರಿಗಳೂ ಹುಟ್ಟಿವೆ. ಥ್ರೆಡ್‌ಗೊಂದರಂತೆ ಇರುವ ವೇರಿಯಬಲ್‌ಗಳಿಗೆ ಟಿಬಿಎಸ್‌ಎಸ್; ಗೋ ಭಾಷೆಯಲ್ಲಿ ಪಾಯಿಂಟರ್ ಇಲ್ಲದ ದತ್ತಾಂಶಕ್ಕೆ ನೋಪಿಟಿಆರ್‌ಬಿಎಸ್‌ಎಸ್. ಖಾಲಿ ಜಾಗವನ್ನು ಸೊನ್ನೆಯಿಂದ ತುಂಬುವ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ: ಲಿನಕ್ಸ್ ಕರ್ನಲ್‌ನ ಎಕ್ಸ್86 ಆರಂಭಿಕ ಕೋಡ್‌ನಲ್ಲಿ ಅದಕ್ಕೆಂದೇ ‘ಕ್ಲಿಯರ್_ಬಿಎಸ್‌ಎಸ್’ ಎಂಬ ಫಂಕ್ಷನ್ ಇದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಈ ಪದ ಕೈಗೆ ತಾಕುವುದು ಪುಟ್ಟ ಬೋರ್ಡ್‌ಗಳಲ್ಲಿ. ಎವಿಆರ್ ಚಿಪ್‌ನ ಆರ್ಡುಯಿನೋ ಉನೋದಲ್ಲಿರುವ ರ‍್ಯಾಮ್ ಬರೀ 2048 ಬೈಟ್. 128×64 ಚುಕ್ಕೆಗಳ ಕಪ್ಪುಬಿಳುಪು ಪರದೆಗೆ ಪೂರ್ಣ ಬಫರ್ ಒಂದನ್ನು ಗ್ಲೋಬಲ್ ಅರೇ ಆಗಿ ಇಟ್ಟರೆ 1024 ಬೈಟ್, ಅಂದರೆ ಅರ್ಧ ರ‍್ಯಾಮ್, ಅಲ್ಲೇ ಮುಗಿಯಿತು. ಪ್ರೋಗ್ರಾಂ ಫೈಲ್ ಚಿಕ್ಕದಾಗಿಯೇ ಕಾಣುವುದರಿಂದ ಹೊಸಬರಿಗೆ ತಪ್ಪು ಎಲ್ಲಿದೆಯೆಂದು ಹೊಳೆಯುವುದಿಲ್ಲ. ಆಗ ಆ ಚಿಪ್‌ಗೆಂದೇ ಇರುವ ‘ಎವಿಆರ್-ಎನ್‌ಎಂ’ಗೆ ಸೈಜ್-ಸಾರ್ಟ್ ಆಯ್ಕೆ ಕೊಟ್ಟು ‘ಬಿ’ ಸಾಲುಗಳನ್ನಷ್ಟೇ ಕೆಳಗಿನಿಂದ ಮೇಲಕ್ಕೆ ಓದಿದರಾಯಿತು, ದೊಡ್ಡವು ಕೊನೆಯಲ್ಲಿರುತ್ತವೆ. 00000400 ಎಂದಿರುವುದೇ ಆ ಬಫರ್. ಅಕ್ಷರ ಚಿಕ್ಕ ‘ಬಿ’ ಆಗಿದ್ದರೆ ಅದು ಸ್ಟ್ಯಾಟಿಕ್ ಎಂದು ಘೋಷಿಸಿದ್ದು, ಹುಡುಕಬೇಕಾದದ್ದು ಒಂದೇ ಫೈಲಿನಲ್ಲಿ.