ವಿಕ್ಟೋರಿಯಾ ಸರೋವರದ ಫುರು ಮತ್ತು ನಮ್ಮ ಹಾಲ್‌ನ ತೊಟ್ಟಿ

ಮುಂದಿನ ಸಲ ಅಂಗಡಿಗೆ ಹೋದಾಗ ಫ್ರೀಜರ್‌ನಲ್ಲಿರುವ ಮೀನಿನ ಪೊಟ್ಟಣಗಳನ್ನು ಒಮ್ಮೆ ನೋಡಿ. ನಾವಿರುವ ಜರ್ಮನಿಯಲ್ಲಿ ‘ವಿಕ್ಟೋರಿಯಾಬಾರ್ಷ್’ ಅಂತ ಬರೆದ ಪೊಟ್ಟಣ ಸಿಗುತ್ತದೆ. ಬಿಳಿ ಮಾಂಸ, ಮುಳ್ಳಿಲ್ಲ. ಅಮ್ಮ ರವೆ ಹಚ್ಚಿ ಹುರಿದರೆ ತಟ್ಟೆ ಬೇಗ ಖಾಲಿ. ಇದೇ ಮೀನು ನಮ್ಮ ಹಾಲ್‌ನ ತೊಟ್ಟಿಯಲ್ಲಿರುವ ಮೀನುಗಳ ನೆಂಟರನ್ನೆಲ್ಲ ತಿಂದು ಹಾಕಿತ್ತು ಅಂತ ಎರಡು ವರ್ಷದ ಹಿಂದೆ ನನಗೆ ಗೊತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿ ಇತಿಹಾಸದ ಪ್ರಬಂಧ ಬರೆಯಲು ಹೇಳಿದಾಗ ಉಳಿದವರೆಲ್ಲ ರಾಜರನ್ನು ಆರಿಸಿಕೊಂಡರು. ನಾನು ಮೀನನ್ನು ಆರಿಸಿಕೊಂಡೆ.

ಮೊದಲು ಸ್ವಲ್ಪ ಪರಿಚಯ. ಸಿಕ್ಲಿಡ್ ಅಂದರೆ ಒಂದು ಮೀನಲ್ಲ, ಒಂದು ದೊಡ್ಡ ಕುಟುಂಬ. ಅಕ್ವೇರಿಯಂನ ಏಂಜೆಲ್ ಮೀನು, ಡಿಸ್ಕಸ್, ನಮ್ಮೂರ ಕೆರೆಗಳ ಜಿಲೇಬಿ ಮೀನು ಎಲ್ಲವೂ ಇದೇ ಕುಟುಂಬದವು. ಜಿಲೇಬಿ ಮೀನು ಆಫ್ರಿಕಾದಿಂದ ಬಂದದ್ದು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಒಂದು ಕೇರಳದವರ ಕರಿಮೀನು. ಇನ್ನೊಂದರ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್, ಅಂದರೆ ಕೆನರಾದ್ದು. ಅದು ದಕ್ಷಿಣ ಕನ್ನಡದ ನದಿಗಳ ಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಹೆಸರಿಟ್ಟರು. ಪುತ್ತೂರಿನ ಅಜ್ಜಿಗೆ ಫೋನಿನಲ್ಲಿ ಇದನ್ನು ಸಂಭ್ರಮದಿಂದ ಹೇಳಿದೆ. “ಗಸಿ ಮಾಡ್ಲಿಕ್ಕೆ ಆಗ್ತದಾ ಮಗಾ?” ಅಂತ ಕೇಳಿದರು.

ಈಗ ಆಫ್ರಿಕಾಕ್ಕೆ ಬನ್ನಿ. ವಿಕ್ಟೋರಿಯಾ ಸರೋವರದ ವಿಸ್ತೀರ್ಣ ಸುಮಾರು 68,800 ಚದರ ಕಿಲೋಮೀಟರ್. ಕರ್ನಾಟಕದ ಮೂರರಲ್ಲಿ ಒಂದು ಭಾಗಕ್ಕಿಂತ ದೊಡ್ಡದು! ಆದರೆ ಆಳ ಹೆಚ್ಚೆಂದರೆ 80 ಮೀಟರ್ ಅಷ್ಟೇ. ಸುಮಾರು 15,000 ವರ್ಷಗಳ ಹಿಂದೆ ಅದು ಒಣಗಿಹೋಗಿತ್ತು ಎನ್ನುತ್ತಾರೆ ವಿಜ್ಞಾನಿಗಳು. ಮತ್ತೆ ನೀರು ತುಂಬಿದ ಮೇಲೆ ಅಲ್ಲಿ ಸುಮಾರು 500 ಜಾತಿಯ ಪುಟ್ಟ ಸಿಕ್ಲಿಡ್‌ಗಳು ಹುಟ್ಟಿಕೊಂಡವು. ಒಂದು ಪಾಚಿ ತಿನ್ನುತ್ತದೆ, ಒಂದು ಬಸವನ ಹುಳು ತಿನ್ನುತ್ತದೆ, ಇನ್ನೊಂದು ಬೇರೆ ಮೀನಿನ ಬಾಯಿಂದಲೇ ಮರಿ ಕದಿಯುತ್ತದೆ. ತಾಂಜಾನಿಯಾ ಕಡೆಯ ಮೀನುಗಾರರು ಇವೆಲ್ಲವನ್ನೂ ಒಟ್ಟಿಗೆ ಫುರು ಎನ್ನುತ್ತಾರೆ. ಬಿಸಿಲಿನಲ್ಲಿ ಒಣಗಿಸಿ ತಿನ್ನುವ ಬಡವರ ಮೀನು ಅದು.

ಬ್ರಿಟಿಷ್ ಅಧಿಕಾರಿಗಳಿಗೆ ಫುರು ಇಷ್ಟವಾಗಲಿಲ್ಲ. ತುಂಬ ಚಿಕ್ಕದು, ಬರೀ ಮುಳ್ಳು. ಅದನ್ನು ತಿಂದು ದೊಡ್ಡದಾಗುವ ಮೀನೊಂದನ್ನು ಬಿಟ್ಟರೆ ಲಾಭ ಎಂಬುದು ಅವರ ಲೆಕ್ಕ. ನೈಲ್ ಪರ್ಚ್ ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ಜೆಫ್ರಿ ಫ್ರೈಯರ್ ಎಂಬ ಜೀವವಿಜ್ಞಾನಿ 1960ರಲ್ಲೇ ಇದು ಅಪಾಯ ಎಂದು ಬರೆದರು. ಅಷ್ಟರಲ್ಲಿ ಮೀನು ನೀರಿನಲ್ಲಿತ್ತು. 1950ರ ದಶಕದಲ್ಲಿ ಒಮ್ಮೆ ಬಿಟ್ಟಿದ್ದರು, 1960ರ ದಶಕದ ಆರಂಭದಲ್ಲಿ ಮತ್ತೆ ಬಿಟ್ಟರು.

ಇಪ್ಪತ್ತು ವರ್ಷ ಏನೂ ಆಗಲಿಲ್ಲ ಅನಿಸಿತು. 1977ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತಂಡವೊಂದು ಮ್ವಾಂಜಾಕ್ಕೆ ಹೋಗಿ ಫುರುಗಳನ್ನು ಎಣಿಸತೊಡಗಿತು. ಆಗ ಸರೋವರದ ತಳಭಾಗದ ಮೀನುಗಳ ತೂಕದಲ್ಲಿ ಸುಮಾರು 80 ಪಾಲು ಫುರುವೇ ಇತ್ತು. 1980ರ ದಶಕದ ಮಧ್ಯದ ಹೊತ್ತಿಗೆ ನೂರಕ್ಕೆ ಒಂದು ಪಾಲೂ ಇರಲಿಲ್ಲ. ಸುಮಾರು 200 ಜಾತಿಗಳು ಹೋದವು ಎಂಬ ಅಂದಾಜಿದೆ. ಯೋಚಿಸಿ, ನೀವು ಎಣಿಸಲು ಹೋಗಿದ್ದೀರಿ, ಬಲೆ ಎತ್ತಿದಾಗಲೆಲ್ಲ ಎಣಿಸಲು ಕಡಿಮೆ ಆಗುತ್ತಿದೆ. ಅದೇ ಹೊತ್ತಿಗೆ ದಡದಲ್ಲಿ ಕಾರ್ಖಾನೆಗಳು ಬಂದವು, ಯುರೋಪಿಗೆ ಮೀನು ಹೊರಟಿತು, ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಪರ್ಚ್ ಒಂದನ್ನೇ ದೂರಬೇಡಿ. ಹೊಲಗಳಿಂದ, ಊರುಗಳಿಂದ ಕೊಳೆ ಹರಿದು ಬಂದು, ಪಾಚಿ ಬೆಳೆದು ನೀರು ಕದಡಿತು. ಅದರಿಂದೇನು ಅನ್ನುತ್ತೀರಾ? ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಫುರು ಹೆಣ್ಣುಗಳು ಗಂಡನ್ನು ಬಣ್ಣ ನೋಡಿ ಆರಿಸುತ್ತವೆ. ಪುಂಡಮಿಲಿಯಾ ನ್ಯೆರೆರೆಯಿ ಎಂಬ ಜಾತಿಯ ಗಂಡು ಕೆಂಪು, ಅದರ ಹತ್ತಿರದ ಬಂಧು ನೀಲಿ. (ಪುಂಡ ಮಿಲಿಯಾ ಅಂದರೆ ಸ್ವಾಹಿಲಿಯಲ್ಲಿ ಜೀಬ್ರಾ, ನ್ಯೆರೆರೆ ತಾಂಜಾನಿಯಾದ ಮೊದಲ ಅಧ್ಯಕ್ಷರು.) ನೀರು ಕದಡಿದರೆ ಬಣ್ಣ ಕಾಣುವುದಿಲ್ಲ, ಹೆಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡು ಜಾತಿ ಬೆರೆತು ಒಂದಾಗುತ್ತದೆ. ಓಲೆ ಸೀಹೌಸನ್ ಮತ್ತು ಜೊತೆಗಾರರು ಇದನ್ನು 1997ರಲ್ಲಿ ಪ್ರಕಟಿಸಿದರು. ಯಾರೂ ಯಾರನ್ನೂ ತಿನ್ನದೆಯೇ ಒಂದು ಜಾತಿ ಇಲ್ಲವಾಗಬಹುದು.

ಇನ್ನು ತೊಟ್ಟಿಯ ಕಥೆ. 1960ರ ದಶಕದಿಂದ ಮಲಾವಿ ಸರೋವರದ ಸಿಕ್ಲಿಡ್‌ಗಳು ವಿಮಾನದಲ್ಲಿ ಯುರೋಪಿನ ಮನೆಗಳಿಗೆ ಬರತೊಡಗಿದವು, ಟಾಂಗನ್ಯೀಕಾದವೂ ಬಂದವು. ಚಂದ ಕಾಣುತ್ತವೆ ಅಂತ ತಂದದ್ದು, ಉಳಿಸಲಿಕ್ಕಲ್ಲ. ಆದರೆ ವಿಕ್ಟೋರಿಯಾದ ಕೆಲವು ಜಾತಿಗಳು ಇಂದು ಮೃಗಾಲಯಗಳ ಮತ್ತು ಹವ್ಯಾಸಿಗಳ ತೊಟ್ಟಿಗಳಲ್ಲಿ ಮಾತ್ರ ಇವೆ, ಸರೋವರದಲ್ಲಿಲ್ಲ.

ನಮ್ಮ ಊರಿನ ಅಕ್ವೇರಿಯಂ ಸಂಘದ ಒಬ್ಬ ಅಜ್ಜ ನನಗೆ ನ್ಯೆರೆರೆಯಿ ಕೊಟ್ಟರು, ಒಂದು ಗಂಡು, ನಾಲ್ಕು ಹೆಣ್ಣು. ತೊಟ್ಟಿ 240 ಲೀಟರ್‌ನದು. ಅವರು ಹಾಕಿದ ಷರತ್ತು ಒಂದೇ: ಬೇರೆ ವಿಕ್ಟೋರಿಯಾ ಮೀನು ಸೇರಿಸಬೇಡ. ಆಮೇಲೆ ಒಂದು ಅಂಗಡಿಯಲ್ಲಿ ಹೆಸರಿಲ್ಲದ ನೀಲಿ ಮೀನೊಂದನ್ನು ಕಂಡೆ. ಮಲಾವಿಯದು, ತೊಂದರೆಯಿಲ್ಲ ಅಂದರು. ನಂಬಲು ನನಗೆ ಆಸೆಯಿತ್ತು, ನಂಬಿದೆ. ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋಗಿದ್ದಾಗ ಫಿಲ್ಟರ್ ನಿಂತು ಕೆಂಪು ಗಂಡು ಮತ್ತು ಎರಡು ಹೆಣ್ಣು ಸತ್ತವು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಹೆಣ್ಣಿನ ಗಂಟಲು ಊದಿತು. ಇವು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತವೆ, ಸುಮಾರು ಮೂರು ವಾರ ಉಪವಾಸ. ನನಗೆಷ್ಟು ಖುಷಿಯಾಯಿತೆಂದರೆ ಅಪ್ಪ ಯಾರು ಎಂದು ಯೋಚಿಸಲೇ ಇಲ್ಲ. ಮರಿಗಳು ಒಂದಿಂಚು ಆದಾಗ ಐದನ್ನು ಚೀಲದಲ್ಲಿ ಹಾಕಿ ಸಹಪಾಠಿಗೆ ಕೊಟ್ಟೆ. ಚೀಲದ ಮೇಲೆ ನ್ಯೆರೆರೆಯಿ ಎಂದು ಚಂದವಾಗಿ ಬರೆದೂ ಕೊಟ್ಟೆ.

ಮರಿ ಗಂಡುಗಳಿಗೆ ಬಣ್ಣ ಬಂದಾಗ ಅದು ಕೆಂಪೂ ಅಲ್ಲ, ನೀಲಿಯೂ ಅಲ್ಲ. ಅಜ್ಜನ ಮನೆಗೆ ಹೋಗಿ ಹೇಳಿದೆ. ಬೈಯಲಿಲ್ಲ. “ಯಾರಿಗಾದರೂ ಕೊಟ್ಟಿದ್ದೀಯಾ?” ಅಂತ ಮಾತ್ರ ಕೇಳಿದರು. ತಪ್ಪು ಹೆಸರಿನ ಮೀನು ಒಬ್ಬರಿಂದ ಒಬ್ಬರಿಗೆ ಹೋದರೆ, ತೊಟ್ಟಿಗಳಲ್ಲಿ ಉಳಿದಿರುವ ಶುದ್ಧ ವಂಶವೂ ಕೆಡುತ್ತದೆ. ಕದಡಿದ ನೀರು ಮಾಡಿದ ಕೆಲಸವನ್ನೇ ನನ್ನ ಚೀಲ ಮಾಡಿತ್ತು.

ಅಂದೇ ಸಂಜೆ ಸೈಕಲ್‌ನಲ್ಲಿ ಸಹಪಾಠಿಯ ಮನೆಗೆ ಹೋದೆ. ಐದರಲ್ಲಿ ನಾಲ್ಕು ಸಿಕ್ಕಿದವು. ಈಗ ಅವು ಉಳಿದ ಮರಿಗಳ ಜೊತೆ ನನ್ನ ಕೋಣೆಯಲ್ಲಿ ಬೇರೆ ತೊಟ್ಟಿಯಲ್ಲಿವೆ. ನಮ್ಮ ಮನೆಗೆ ಬಂದರೆ ನೋಡಿ, ದಯವಿಟ್ಟು ಕೇಳಬೇಡಿ, ಕೊಡುವುದಿಲ್ಲ. ಐದನೆಯದನ್ನು ಅವನ ತಂಗಿ ತನ್ನ ಗೆಳತಿಗೆ ಕೊಟ್ಟಿದ್ದಳಂತೆ, ಆ ಗೆಳತಿಯ ಮನೆಯವರು ಕ್ರಿಸ್‌ಮಸ್‌ಗೆ ಮುಂಚೆಯೇ ಬೇರೆ ಊರಿಗೆ ಹೋಗಿದ್ದಾರೆ. ಚೀಲವನ್ನೂ ಜೊತೆಗೇ ಕೊಟ್ಟಳಾ ಎಂದು ಕೇಳಿದೆ. ಹೂಂ, ಹೆಸರು ಮರೆತುಹೋಗಬಾರದಲ್ಲ ಅಂದಳು.